ಸೈಬೀರಿಯಾದ ಹಿಮ, ಜಗತ್ತಿನ ಚಳಿಗಾಲ: ಯಾರಿಗೆ ಯಾರು ಕಾರಣ?

2019ರ ಡಿಸೆಂಬರ್ ತಿಂಗಳ ಕೊನೆಯ ದಿನಗಳು. ಹೊಸ ವರ್ಷದ ಸಂಭ್ರಮಕ್ಕೆ ಸಜ್ಜಾಗಿದ್ದ ಮಾಸ್ಕೋ ನಗರದಲ್ಲಿ ಹಿಮದ ಸುಳಿವೇ ಇರಲಿಲ್ಲ. ಕೊನೆಗೆ ನಗರಾಡಳಿತವು ಕೃತಕ ಹಿಮವನ್ನು ಲಾರಿಗಳಲ್ಲಿ ತರಿಸಿ ನಗರದ ನಡುಬೀದಿಗಳಲ್ಲಿ ಸುರಿಸಬೇಕಾಯಿತು. ನೆಪೋಲಿಯನ್ನನ ಸೇನೆಯನ್ನೂ ಹಿಟ್ಲರನ ಸೇನೆಯನ್ನೂ ಕಂಗೆಡಿಸಿದ ಚಳಿಗಾಲದ ತವರಿಗೆ ಬಂದೊದಗಿದ ಗತಿ ಇದು! 2019-20ರ ಆ ಚಳಿಗಾಲ ಯುರೋಪಿನಲ್ಲಿ ಅಲ್ಲಿಯವರೆಗೆ ದಾಖಲಾದ ಎಲ್ಲ ಚಳಿಗಾಲಗಳಿಗಿಂತ ಬೆಚ್ಚಗಿತ್ತು.

ಅದಕ್ಕೆ ಹತ್ತು ವರ್ಷ ಮೊದಲಿನ ಚಿತ್ರ ಸಂಪೂರ್ಣ ಬೇರೆ. 2010ರ ಜನವರಿ 7ರಂದು ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವೊಂದು ತೆಗೆದ ಛಾಯಾಚಿತ್ರದಲ್ಲಿ ಗ್ರೇಟ್ ಬ್ರಿಟನ್ ದ್ವೀಪ ಬಹುತೇಕ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆಳ್ಳಗೆ ಕಾಣುತ್ತಿತ್ತು. ಅದೇ ಫೆಬ್ರವರಿ 5 ಮತ್ತು 6ರಂದು ವಾಷಿಂಗ್ಟನ್ ಸುತ್ತಮುತ್ತ ಹಿಮದ ಬಿರುಗಾಳಿ ಬೀಸಿ, ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಸುಮಾರು 82 ಸೆಂಟಿಮೀಟರ್ ಹಿಮ ಬಿತ್ತು. ಜಗತ್ತಿನ ಅತ್ಯಂತ ಬಲಾಢ್ಯ ಸರ್ಕಾರದ ಕಚೇರಿಗಳು ದಿನಗಟ್ಟಲೆ ಬಾಗಿಲು ಮುಚ್ಚಿದವು.

ಇವೆರಡೂ ಚಳಿಗಾಲಗಳ ಹಿಂದೆ ಇದ್ದುದು ವಾಯುಮಂಡಲದ ಒಂದೇ ತೂಗುಯ್ಯಾಲೆ. ಅದರ ಹೆಸರು ಆರ್ಕ್ಟಿಕ್ ಆಂದೋಲನ. ಒಮ್ಮೆ ಅದು ಒಂದು ತುದಿಗೆ ಹೋಗಿತ್ತು, ಇನ್ನೊಮ್ಮೆ ಮತ್ತೊಂದು ತುದಿಗೆ. ಈ ಉಯ್ಯಾಲೆ ಯಾವ ಕಡೆಗೆ ತೂಗಲಿದೆ ಎಂಬುದು ಎರಡು ಮೂರು ತಿಂಗಳು ಮೊದಲೇ ತಿಳಿದರೆ ಅದರ ಬೆಲೆಯನ್ನು ಕಟ್ಟಲಾಗದು. ಎಷ್ಟು ಅನಿಲ ಸಂಗ್ರಹಿಸಬೇಕು, ಎಷ್ಟು ಮೇವು ಕೂಡಿಡಬೇಕು, ರಸ್ತೆಗೆ ಎಷ್ಟು ಉಪ್ಪು ಬೇಕು ಎಂಬ ಪ್ರಶ್ನೆಗಳಿಗೆಲ್ಲ ಆಗ ಉತ್ತರ ಸಿಕ್ಕೀತು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಕೆಲವು ವಿಜ್ಞಾನಿಗಳು ಆ ಉತ್ತರ ಸೈಬೀರಿಯಾದ ಬಯಲಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ಬೀಳುವ ಹಿಮದಲ್ಲಿದೆ ಎಂದರು. ಆಕರ್ಷಕವಾದ ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನೆಲಕ್ಕೆ ಕಂಬಳಿ, ಬಿಸಿಲಿಗೆ ಕನ್ನಡಿ

ಹಿಮವೆಂದರೆ ಚಳಿಯ ಫಲ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ತಪ್ಪಲ್ಲ, ಆದರೆ ಅರ್ಧ ಸತ್ಯ. ಬಿದ್ದ ಹಿಮ ಸುಮ್ಮನೆ ಬಿದ್ದಿರುವುದಿಲ್ಲ. ತನ್ನ ಮೇಲಿನ ಗಾಳಿಯನ್ನು ಬದಲಿಸತೊಡಗುತ್ತದೆ.

ಅದರ ವ್ಯಾಪ್ತಿಯನ್ನು ಮೊದಲು ಗಮನಿಸಬೇಕು. ಉತ್ತರ ಗೋಳಾರ್ಧದಲ್ಲಿ ಜನವರಿಯ ಹೊತ್ತಿಗೆ ಸರಾಸರಿ 4.6 ಕೋಟಿ ಚದರ ಕಿಲೋಮೀಟರಿನಷ್ಟು ನೆಲ ಹಿಮದ ಅಡಿಯಲ್ಲಿರುತ್ತದೆ. ಇದು ಭಾರತದಂಥ ಹದಿನಾಲ್ಕು ದೇಶಗಳ ವಿಸ್ತೀರ್ಣಕ್ಕೆ ಸಮ. ಆಗಸ್ಟ್ ತಿಂಗಳಲ್ಲಿ ಉಳಿಯುವುದು ಸುಮಾರು 30 ಲಕ್ಷ ಚದರ ಕಿಲೋಮೀಟರ್ ಮಾತ್ರ, ಅದರಲ್ಲಿಯೂ ಹೆಚ್ಚಿನ ಪಾಲು ಗ್ರೀನ್‌ಲೆಂಡಿನದು. ಭೂಮಿಯ ನೆಲದ ಮೇಲ್ಮೈ ಇಷ್ಟು ಬೇಗ, ಇಷ್ಟು ವಿಶಾಲವಾಗಿ ರೂಪ ಬದಲಿಸುವ ಇನ್ನೊಂದು ಉದಾಹರಣೆ ಇಲ್ಲ.

ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡ 80ರಿಂದ 90ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬರಿಯ ನೆಲ ಪ್ರತಿಫಲಿಸುವುದು ಶೇಕಡ 10ರಿಂದ 30ರಷ್ಟನ್ನು ಮಾತ್ರ. ಪಠ್ಯಪುಸ್ತಕಗಳು ಎತ್ತಿ ಹೇಳುವ ಗುಣ ಇದೇ. ಆದರೆ ಸೈಬೀರಿಯಾದ ನವೆಂಬರ್ ತಿಂಗಳಲ್ಲಿ ಸೂರ್ಯ ದಿಗಂತದಿಂದ ಮೇಲೇರುವುದೇ ಅಷ್ಟಕ್ಕಷ್ಟೆ. ಪ್ರತಿಫಲಿಸಲು ಬಿಸಿಲೇ ಇಲ್ಲದಿದ್ದರೆ ಕನ್ನಡಿಯಿಂದ ಪ್ರಯೋಜನವೇನು? ಅಲ್ಲಿ ಹೆಚ್ಚು ಕೆಲಸ ಮಾಡುವುದು ಹಿಮದ ಇನ್ನೆರಡು ಗುಣಗಳು.

ಹೊಸ ಹಿಮದಲ್ಲಿ ಬಹುಪಾಲು ಇರುವುದು ಗಾಳಿ. ಹೀಗಾಗಿ ಅದು ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಬೇಸಿಗೆಯಲ್ಲಿ ನೆಲ ಕೂಡಿಟ್ಟುಕೊಂಡ ಶಾಖ ಹಿಮದ ಕಂಬಳಿಯ ಅಡಿಯಲ್ಲಿಯೇ ಉಳಿದುಬಿಡುತ್ತದೆ, ಮೇಲಿನ ಗಾಳಿಗೆ ಅದು ದಕ್ಕುವುದಿಲ್ಲ. ಇದರ ಜೊತೆಗೆ, ಕಣ್ಣಿಗೆ ಬೆಳ್ಳಗೆ ಕಾಣುವ ಹಿಮ ಅವಗೆಂಪು ಕಿರಣಗಳ ಮಟ್ಟಿಗೆ ಕಪ್ಪು ವಸ್ತುವಿನಂತೆ ವರ್ತಿಸುತ್ತದೆ. ತನ್ನಲ್ಲಿರುವ ಅಲ್ಪ ಶಾಖವನ್ನೂ ಉದ್ದನೆಯ ರಾತ್ರಿಗಳಲ್ಲಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಕೆಳಗಿನಿಂದ ಶಾಖ ಬರದು, ಮೇಲಕ್ಕೆ ಹೋಗುವುದು ನಿಲ್ಲದು. ಹಿಮದ ಮೇಲ್ಮೈಗೆ ತಾಗಿದ ಗಾಳಿ ಕೊರೆಯುವಷ್ಟು ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ; ಅದು ನೆಲಕ್ಕೆ ಅಂಟಿಕೊಂಡು ಕುಳಿತು ಒತ್ತಡವನ್ನು ಹೆಚ್ಚಿಸುತ್ತದೆ.

ಹೀಗೆ ರೂಪುಗೊಳ್ಳುವುದೇ ಪ್ರತಿ ಚಳಿಗಾಲದಲ್ಲಿಯೂ ಏಷ್ಯಾದ ಉತ್ತರವನ್ನು ಆಳುವ ಸೈಬೀರಿಯಾದ ಅಧಿಕ ಒತ್ತಡ ಪ್ರದೇಶ. 1968ರ ಡಿಸೆಂಬರ್ 31ರಂದು ಅಲ್ಲಿನ ಅಗಾತಾ ಎಂಬಲ್ಲಿ ಸಮುದ್ರಮಟ್ಟಕ್ಕೆ ಹೊಂದಿಸಿ ಲೆಕ್ಕ ಹಾಕಿದ ಒತ್ತಡ 1083 ಮಿಲಿಬಾರಿಗಿಂತಲೂ ಹೆಚ್ಚಾಗಿತ್ತು. ಸಾಮಾನ್ಯ ಒತ್ತಡ 1013 ಮಿಲಿಬಾರ್ ಎಂಬುದನ್ನು ನೆನೆದರೆ ಇದರ ಅಗಾಧತೆ ಅರಿವಾದೀತು.

ಉಯ್ಯಾಲೆಗೆ ಹೆಸರಿಟ್ಟವರು

ಉತ್ತರ ಗೋಳಾರ್ಧದ ಚಳಿಗಾಲ ಊರಿಂದೂರಿಗೆ ಬೇರೆ ಬೇರೆಯಾಗಿ ಕಂಡರೂ ಅದರ ಹಿಂದೆ ಕೆಲವೇ ದೊಡ್ಡ ವಿನ್ಯಾಸಗಳಿವೆ. ಐಸ್‌ಲೆಂಡಿನ ಬಳಿಯ ಕಡಿಮೆ ಒತ್ತಡ ಮತ್ತು ಅಜೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡ ಒಂದಕ್ಕೊಂದು ಎದುರಾಗಿ ಏರಿಳಿಯುವುದು ಅವುಗಳಲ್ಲೊಂದು. ಅದನ್ನು ಉತ್ತರ ಅಟ್ಲಾಂಟಿಕ್ ಆಂದೋಲನ ಎಂದು ಕರೆದವರು ಯಾರು? ಯುರೋಪಿನ ಯಾವುದೋ ವೀಕ್ಷಣಾಲಯದವರಲ್ಲ, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತಜ್ಞರಾಗಿದ್ದು, ಬೂಮರಾಂಗ್ ಹಾರುವ ಬಗೆಯನ್ನು ಗಣಿತದಲ್ಲಿ ವಿವರಿಸಿದ್ದ ವಾಕರ್ 1904ರಲ್ಲಿ ಭಾರತದಲ್ಲಿ ಅಧಿಕಾರ ವಹಿಸಿಕೊಂಡರು. ಮುಂಗಾರನ್ನು ಮುಂಗಾಣಲು ಜಗತ್ತಿನ ಹವೆಯ ಅಂಕಿಅಂಶಗಳನ್ನೆಲ್ಲ ಜಾಲಾಡಿದ ಅವರಿಗೆ, ಹುಡುಕಿದ್ದಕ್ಕಿಂತ ಹೆಚ್ಚಿನದೇ ಸಿಕ್ಕಿತು. ಎಲ್ ನಿನೋ ಅಧ್ಯಯನಕ್ಕೆ ಬುನಾದಿಯಾದ ದಕ್ಷಿಣದ ಆಂದೋಲನಕ್ಕೂ ಅವರೇ ನಾಮಕರಣ ಮಾಡಿದರು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಥಾಂಪ್ಸನ್ ಮತ್ತು ಜಾನ್ ವ್ಯಾಲೇಸ್ 1998ರಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿದರು. ಅಟ್ಲಾಂಟಿಕ್‌ನ ಏರಿಳಿತವು ಧ್ರುವದ ಸುತ್ತ ಇಡೀ ಗೋಳಾರ್ಧವನ್ನು ಆವರಿಸಿದ ಒಂದು ದೊಡ್ಡ ಆಂದೋಲನದ ಭಾಗ ಎಂದು ಅವರು ವಾದಿಸಿದರು. ಅದೇ ಆರ್ಕ್ಟಿಕ್ ಆಂದೋಲನ.

ಇದನ್ನು ಬುಗುರಿಗೆ ಹೋಲಿಸಬಹುದು. ಧ್ರುವದ ಮೇಲೆ ಒತ್ತಡ ಕಡಿಮೆಯಿದ್ದು ಸುತ್ತಲಿನ ಪಡುವಣ ಗಾಳಿ ಬಿರುಸಾಗಿದ್ದರೆ ಬುಗುರಿ ನೆಟ್ಟಗೆ ನಿಂತು ತಿರುಗುತ್ತದೆ. ಕೊರೆಯುವ ಚಳಿ ಧ್ರುವದ ಬಳಿಯೇ ಬಂಧಿಯಾಗುತ್ತದೆ. ಇದು ಧನಾತ್ಮಕ ಸ್ಥಿತಿ. ಗಾಳಿಯ ವೇಗ ಕುಗ್ಗಿದರೆ ಬುಗುರಿ ಓಲಾಡುತ್ತದೆ. ಚಳಿ ಅಲ್ಲಲ್ಲಿ ದಕ್ಷಿಣಕ್ಕೆ ಚಾಚಿಕೊಳ್ಳುತ್ತದೆ. ಇದು ಋಣಾತ್ಮಕ ಸ್ಥಿತಿ. 2010ರ ಫೆಬ್ರವರಿಯಲ್ಲಿ ಈ ಆಂದೋಲನದ ಸೂಚ್ಯಂಕ ಮೈನಸ್ 4.27ಕ್ಕೆ ಇಳಿಯಿತು. 1950ರಿಂದೀಚೆಗಿನ ದಾಖಲೆಯಲ್ಲಿ ಅಷ್ಟು ಕೆಳಗೆ ಇಳಿದ ತಿಂಗಳು ಅಲ್ಲಿಯವರೆಗೆ ಇರಲಿಲ್ಲ. 2020ರ ಫೆಬ್ರವರಿಯಲ್ಲಿ ಅದೇ ಸೂಚ್ಯಂಕ 3.4ರ ಆಸುಪಾಸಿನಲ್ಲಿತ್ತು.

ಬಯಲಿನಿಂದ ಬಾನಿಗೆ, ಬಾನಿನಿಂದ ಬಯಲಿಗೆ

ಹಾಗಾದರೆ ಸೈಬೀರಿಯಾದ ಹಿಮ ಈ ಬುಗುರಿಯನ್ನು ಮುಟ್ಟುವುದು ಹೇಗೆ? ಅಮೆರಿಕದ ಹವಾಮಾನ ವಿಜ್ಞಾನಿ ಜೂಡಾ ಕೋಹೆನ್ ಮತ್ತು ಎಂಐಟಿಯ ದಾರಾ ಎಂತೆಖಾಬಿ 1999ರಲ್ಲಿ ಪ್ರಕಟಿಸಿದ ಪ್ರಬಂಧ ಈ ಚರ್ಚೆಗೆ ಚಾಲನೆ ನೀಡಿತು. ಶರತ್ಕಾಲದಲ್ಲಿ ಯುರೇಷಿಯಾದ ಹಿಮ ಹೆಚ್ಚು ಹರಡಿದ ವರ್ಷಗಳಲ್ಲಿ ಮುಂದಿನ ಚಳಿಗಾಲದ ಆಂದೋಲನ ಋಣಾತ್ಮಕವಾಗುವ ಸಾಧ್ಯತೆ ಹೆಚ್ಚು ಎಂಬುದು ಅದರ ಸಾರ. ಆನಂತರದ ವರ್ಷಗಳಲ್ಲಿ ಇದಕ್ಕೊಂದು ಕಾರ್ಯಕಾರಣದ ಸರಪಳಿಯನ್ನೂ ಕಟ್ಟಲಾಯಿತು.

ಅಕ್ಟೋಬರ್‌ನಲ್ಲಿ ಹಿಮ ಬೇಗನೆ ಹರಡಿದರೆ ಸೈಬೀರಿಯಾದ ಅಧಿಕ ಒತ್ತಡ ಪ್ರದೇಶ ವಾಡಿಕೆಗಿಂತ ಮೊದಲೇ ಬಲಿಯುತ್ತದೆ. ಅದರ ದಕ್ಷಿಣಕ್ಕೆ ಟಿಬೆಟ್ ಪ್ರಸ್ಥಭೂಮಿ ಮತ್ತು ಪರ್ವತಶ್ರೇಣಿಗಳು ಗೋಡೆಯಂತೆ ನಿಂತಿರುವುದರಿಂದ ತಣ್ಣನೆಯ ಗಾಳಿ ಸುಲಭವಾಗಿ ಹರಿದುಹೋಗದೆ ಗುಡ್ಡೆ ಬೀಳುತ್ತದೆ. ಅದರ ಮೇಲೆ ಹಾದುಹೋಗುವ ಪಡುವಣ ಗಾಳಿಯ ಹೊಳೆ ಬಾಗಿ ಬಳುಕುತ್ತದೆ. ಸಾವಿರಾರು ಕಿಲೋಮೀಟರ್ ಉದ್ದದ ಈ ಬಳುಕುಗಳಿಗೆ ರಾಸ್ಬಿ ತರಂಗಗಳೆಂದು ಹೆಸರು. ಪೂರ್ವ ಏಷ್ಯಾದ ಮೇಲೆ ಇಂಥ ದೊಡ್ಡ ತರಂಗವೊಂದು ಚಳಿಗಾಲದಲ್ಲಿ ಹೇಗೂ ಇರುತ್ತದೆ. ಹಿಮದ ಚಳಿ ಅದಕ್ಕೆ ಇನ್ನಷ್ಟು ಬಲ ತುಂಬುತ್ತದೆ. ಸ್ಥಳದ ಮಹತ್ವ ಇರುವುದು ಇಲ್ಲಿಯೇ. ಅಷ್ಟೇ ಹಿಮ ಕೆನಡಾದಲ್ಲಿ ಬಿದ್ದರೆ ಅದೇ ಪರಿಣಾಮ ನಿರೀಕ್ಷಿಸುವಂತಿಲ್ಲ.

ತರಂಗಗಳು ಅಡ್ಡಡ್ಡ ಮಾತ್ರ ಸಾಗುವುದಿಲ್ಲ. ತೀರ ದೊಡ್ಡವು ಮೇಲಕ್ಕೂ ಏರುತ್ತವೆ. ಮಳೆ, ಮೋಡಗಳೆಲ್ಲ ಇರುವ ಪರಿವರ್ತನ ಮಂಡಲವನ್ನು ದಾಟಿ ಸಮೋಷ್ಣ ಮಂಡಲವನ್ನು ಹೊಗುತ್ತವೆ. ಅಲ್ಲಿ ಚಳಿಗಾಲದ ಕತ್ತಲಲ್ಲಿ ಧ್ರುವದ ಸುತ್ತ ಒಂದು ಬಿರುಗಾಳಿಯ ಬಳೆ ಸುತ್ತುತ್ತಿರುತ್ತದೆ. ಅದೇ ಧ್ರುವೀಯ ಸುಳಿ. ಸಮುದ್ರದ ಅಲೆ ದಡಕ್ಕೆ ಬಡಿದು ಒಡೆಯುವಂತೆ ಈ ತರಂಗಗಳು ಅಲ್ಲಿ ಒಡೆದಾಗ ಸುಳಿಯ ವೇಗ ಕುಗ್ಗುತ್ತದೆ. ಕೆಲವೊಮ್ಮೆ ಸುಳಿ ಸ್ಥಾನಪಲ್ಲಟವಾಗುತ್ತದೆ, ಕೆಲವೊಮ್ಮೆ ಎರಡು ಹೋಳಾಗುತ್ತದೆ. ಗಾಳಿ ಕೆಳಕ್ಕೆ ಕುಸಿದು ಒತ್ತಲ್ಪಟ್ಟು ಬಿಸಿಯಾಗುವುದರಿಂದ, ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಕೆಲವೇ ದಿನಗಳಲ್ಲಿ 30ರಿಂದ 50 ಡಿಗ್ರಿಗಳಷ್ಟು ತಾಪಮಾನ ಏರಿದ್ದುಂಟು. ಬರ್ಲಿನ್ನಿನ ವಿಜ್ಞಾನಿ ರಿಚರ್ಡ್ ಶೆರ್‌ಹಾಗ್ ಬಲೂನುಗಳ ನೆರವಿನಿಂದ 1952ರಲ್ಲಿ ಇದನ್ನು ಮೊದಲು ಕಂಡಾಗ ಅದು ಬಿಡಿಸಲಾಗದ ಒಗಟಾಗಿತ್ತು. ಸರಾಸರಿ ಲೆಕ್ಕದಲ್ಲಿ ಇಂಥ ದಿಢೀರ್ ಬಿಸಿಯೇರಿಕೆ ಹತ್ತು ವರ್ಷಗಳಲ್ಲಿ ಸುಮಾರು ಆರು ಬಾರಿ ಸಂಭವಿಸುತ್ತದೆ.

ಸರಪಳಿಯ ಕೊನೆಯ ಕೊಂಡಿ ಮತ್ತೆ ನೆಲದ ಕಡೆಗೆ. ಮೇಲೆ ದುರ್ಬಲವಾದ ಸುಳಿಯ ಪ್ರಭಾವ ಮುಂದಿನ ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಕೆಳಗಿಳಿದು, ಆರ್ಕ್ಟಿಕ್ ಆಂದೋಲನವನ್ನು ಋಣಾತ್ಮಕ ಬದಿಗೆ ವಾಲಿಸಿ, ಎರಡು ತಿಂಗಳವರೆಗೂ ಅಲ್ಲಿಯೇ ಹಿಡಿದಿಡಬಲ್ಲದು. 2018ರ ಫೆಬ್ರವರಿ 12ರ ಸುಮಾರಿಗೆ ಸುಳಿ ಇಬ್ಭಾಗವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಪೂರ್ವದಿಂದ ಬೀಸಿದ ಶೀತಗಾಳಿ ಯುರೋಪನ್ನು ಹಿಡಿದು ನಡುಗಿಸಿತು. ಹಿಮ ಕಾಣುವುದೇ ಅಪರೂಪವಾದ ರೋಮ್ ನಗರ ಫೆಬ್ರವರಿ 26ರಂದು ಬೆಳ್ಳಗಾಗಿ ಎಚ್ಚರಗೊಂಡಿತು.

ಅಂದರೆ ಅಕ್ಟೋಬರ್‌ನಲ್ಲಿ ನೆಲದ ಮೇಲೆ ಬಿದ್ದ ಹಿಮ ಡಿಸೆಂಬರ್‌ನಲ್ಲಿ ಆಕಾಶವನ್ನು ಕದಡಿ, ಜನವರಿ, ಫೆಬ್ರವರಿಯಲ್ಲಿ ಸಾವಿರಾರು ಮೈಲಿ ದೂರದ ಊರುಗಳಲ್ಲಿ ಚಳಿಯಾಗಿ ಇಳಿಯುತ್ತದೆ. ಕಾಗದದ ಮೇಲೆ ಸುಂದರವಾದ ಕತೆ.

ಗೆದ್ದ ವರ್ಷಗಳು

ಕತೆಗೆ ಪುಷ್ಟಿ ನೀಡುವ ವರ್ಷಗಳೂ ಇದ್ದವು. 1976ರ ಅಕ್ಟೋಬರ್‌ನಲ್ಲಿ ಉತ್ತರ ಗೋಳಾರ್ಧದ ಹಿಮಹೊದಿಕೆ ಉಪಗ್ರಹ ದಾಖಲೆಯಲ್ಲಿಯೇ ಅತಿ ವಿಶಾಲವಾಗಿತ್ತು. ಮುಂದಿನ ಜನವರಿಯಲ್ಲಿ ಆಂದೋಲನ ತೀವ್ರ ಋಣಾತ್ಮಕವಾಗಿ, ಅಮೆರಿಕದ ಪೂರ್ವಭಾಗ ಹೆಪ್ಪುಗಟ್ಟಿತು. 1977ರ ಜನವರಿ 19ರಂದು ಮಯಾಮಿಯಲ್ಲಿ ಹಿಮದ ಹಳಕುಗಳು ಉದುರಿದವು. ತೆಂಗು ಬೆಳೆಯುವ ಊರದು!

2009ರ ಅಕ್ಟೋಬರ್‌ನಲ್ಲಿಯೂ ಸೈಬೀರಿಯಾದ ಹಿಮ ವೇಗವಾಗಿ ದಕ್ಷಿಣಕ್ಕೆ ಹರಡಿತು. ಅನಂತರ ನಡೆದುದನ್ನು ಮೇಲೆ ಹೇಳಲಾಗಿದೆ. ಬ್ರಿಟನ್ನಿಗೆ ಅದು 1978-79ರ ನಂತರದ ಅತಿ ಶೀತಲ ಚಳಿಗಾಲ. ಆದರೆ ಆ ವರ್ಷದ ನಿಜವಾದ ಬೆಲೆ ತೆತ್ತವರು ವಾಷಿಂಗ್ಟನ್ನಿನವರೂ ಅಲ್ಲ, ಲಂಡನ್ನಿನವರೂ ಅಲ್ಲ; ಮಂಗೋಲಿಯಾದ ದನಗಾಹಿಗಳು. ಬೇಸಿಗೆಯ ಮಳೆ ಸಾಲದೆ ಮೊದಲೇ ಸೊರಗಿದ್ದ ಹುಲ್ಲುಗಾವಲಿನ ಮೇಲೆ ದಪ್ಪನೆಯ ಹಿಮ ಕೂತು, ಜಾನುವಾರುಗಳು ಗೊರಸಿನಿಂದ ಕೆದಕಿದರೂ ಮೇವು ಸಿಗದಂತಾಯಿತು. ಮಂಗೋಲಿಯನ್ನರು ಇಂಥ ಚಳಿಗಾಲವನ್ನು 'ಜುದ್' ಎನ್ನುತ್ತಾರೆ. 2010ರ ವಸಂತದ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಕುರಿ, ಮೇಕೆ, ದನ, ಕುದುರೆಗಳು ಸತ್ತಿದ್ದವು. ಹಿಂಡನ್ನೇ ಕಳೆದುಕೊಂಡ ಕುಟುಂಬಗಳು ಗುಡಾರ ಕಿತ್ತು ರಾಜಧಾನಿ ಉಲಾನ್‌ಬಾತರ್‌ನ ಅಂಚಿಗೆ ಬಂದು ನೆಲೆಸಿದವು. ತಿಂಗಳುಗಳ ಮುಂಚಿನ ಮುನ್ಸೂಚನೆ ಯಾರಿಗೆ ಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಇದರ ಬೆನ್ನಿಗೇ 2011ರಲ್ಲಿ ಕೋಹೆನ್ ಮತ್ತು ಅವರ ಸಹೋದ್ಯೋಗಿ ಹೊಸ ಅಳತೆಗೋಲೊಂದನ್ನು ಮುಂದಿಟ್ಟರು. ಎಷ್ಟು ಹಿಮ ಬಿತ್ತು ಎನ್ನುವುದಕ್ಕಿಂತ ಅಕ್ಟೋಬರ್‌ನಲ್ಲಿ ಅದು ಎಷ್ಟು ವೇಗವಾಗಿ ಮುಂದುವರಿಯಿತು ಎಂಬುದನ್ನು ಅದು ಲೆಕ್ಕ ಹಾಕುತ್ತಿತ್ತು. ಹಿಂದಿನ ಹದಿನೈದು ವರ್ಷಗಳೊಳಗಿನ ದಾಖಲೆಗೆ ತಾಳೆ ಹಾಕಿದಾಗ ಚಳಿಗಾಲದ ಆಂದೋಲನದೊಂದಿಗೆ ಅದರ ಸಂಬಂಧ ಬೆರಗಾಗುವಷ್ಟು ಬಿಗಿಯಾಗಿತ್ತು. ಅನುಭವಿ ಸಂಖ್ಯಾಶಾಸ್ತ್ರಜ್ಞರು ಹುಬ್ಬೇರಿಸಿದ್ದೂ ಅದೇ ಕಾರಣಕ್ಕೆ.

ಕಾರಣವೋ, ಬರಿಯ ಸಾಕ್ಷಿಯೋ?

2014ರ ಅಕ್ಟೋಬರ್ ಬಂತು. ಯುರೇಷಿಯಾದ ಹಿಮಹೊದಿಕೆ ಉಪಗ್ರಹ ದಾಖಲೆಯ ಅತಿ ಹೆಚ್ಚಿನವುಗಳ ಸಾಲಿಗೆ ಸೇರಿತು. ಸಿದ್ಧಾಂತದ ಪ್ರಕಾರ ಆಂದೋಲನ ಋಣಾತ್ಮಕವಾಗಬೇಕಿತ್ತು. ಆದುದು ತದ್ವಿರುದ್ಧ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮೂರೂ ತಿಂಗಳು ಅದು ಧನಾತ್ಮಕವಾಗಿಯೇ ಇತ್ತು. ವಿಚಿತ್ರವೆಂದರೆ ಆ ವರ್ಷ ಬಾಸ್ಟನ್ ನಗರದಲ್ಲಿ ಹಿಂದೆಂದೂ ಕಾಣದಷ್ಟು, ಸುಮಾರು 281 ಸೆಂಟಿಮೀಟರ್ ಹಿಮ ಬಿತ್ತು. ಅಲ್ಲಿನವರ ಕಣ್ಣಿಗೆ ಭವಿಷ್ಯ ನಿಜವಾದಂತೆಯೇ ಕಂಡಿರಬೇಕು. ಆದರೆ ಆ ಚಳಿ ಬಂದದ್ದು ಶಾಂತ ಸಾಗರದ ಕಡೆಯ ಬೇರೊಂದು ವಿನ್ಯಾಸದಿಂದ. ಲೆಕ್ಕ ತಪ್ಪಾಗಿ ಉತ್ತರ ಸರಿಯಾಗುವುದು ಶಾಲೆಯ ಮಕ್ಕಳಿಗೆ ಮಾತ್ರ ಮೀಸಲಲ್ಲ.

ಸಂದೇಹ ಇನ್ನೂ ಹಲವು ದಿಕ್ಕುಗಳಿಂದ ಬಂತು. ಇಪ್ಪತ್ತನೆಯ ಶತಮಾನದ ಹಳೆಯ ದಾಖಲೆಗಳನ್ನು ಪುನಾರಚಿಸಿ ನೋಡಿದ 2013ರ ಅಧ್ಯಯನವೊಂದು, ಅಕ್ಟೋಬರ್ ಹಿಮಕ್ಕೂ ಆಂದೋಲನಕ್ಕೂ ಇರುವ ಈ ನಂಟು 1970ರ ದಶಕದಿಂದೀಚೆಗೆ ಮಾತ್ರ ಎದ್ದು ಕಾಣುತ್ತದೆ, ಅದಕ್ಕೆ ಮೊದಲು ಅದು ಸ್ಥಿರವಾಗಿರಲಿಲ್ಲ ಎಂದಿತು. ಗಣಕಯಂತ್ರದ ಹವಾಮಾನ ಮಾದರಿಗಳಲ್ಲಿ ಸೈಬೀರಿಯಾದ ಮೇಲೆ ಬಲವಂತವಾಗಿ ಹೆಚ್ಚು ಹಿಮ ಹೊದಿಸಿದರೆ ತರಂಗಗಳು ಮೇಲೇರುತ್ತವೆ, ಸುಳಿ ಕುಗ್ಗುತ್ತದೆ. ಅವುಗಳ ಪಾಡಿಗೆ ಓಡಲು ಬಿಟ್ಟರೆ ಈ ಸಂಬಂಧ ಬಹುತೇಕ ಮಾಯವಾಗುತ್ತದೆ. ಮಾದರಿಗಳಲ್ಲಿ ಕೊರತೆಯಿದೆಯೇ, ಸಿದ್ಧಾಂತದಲ್ಲಿಯೇ ಕೊರತೆಯಿದೆಯೇ ಎಂಬ ಬಗ್ಗೆ ತಜ್ಞರು ಎರಡು ಬಣವಾಗಿದ್ದಾರೆ.

ಅಳತೆಯ ಬಗೆಗೂ ತಕರಾರಿದೆ. ಅಮೆರಿಕದ ನೋವಾ ಸಂಸ್ಥೆ 1966ರಿಂದ ಉಪಗ್ರಹ ಚಿತ್ರಗಳನ್ನು ಆಧರಿಸಿ ಹಿಮದ ನಕ್ಷೆ ತಯಾರಿಸುತ್ತಿದೆ. ಮೊದಮೊದಲು ವಾರಕ್ಕೊಮ್ಮೆ ತಜ್ಞರು ಚಿತ್ರಗಳನ್ನು ಕಣ್ಣಿನಿಂದ ನೋಡಿ ಕೈಯಿಂದ ಗೆರೆ ಎಳೆಯುತ್ತಿದ್ದರು. ಮೋಡ ಯಾವುದು, ಹಿಮ ಯಾವುದು ಎಂದು ಗುರುತಿಸುವುದೇ ಆಗ ಕಷ್ಟವಾಗಿತ್ತು. ಆಮೇಲೆ ಚಿತ್ರಗಳು ಸೂಕ್ಷ್ಮವಾದವು, ನಕ್ಷೆ ದಿನನಿತ್ಯದ್ದಾಯಿತು. ಈ ದಾಖಲೆಯಲ್ಲಿ ಅಕ್ಟೋಬರ್ ಹಿಮ ಹೆಚ್ಚುತ್ತಿರುವಂತೆ ಕಾಣುತ್ತದೆ. ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಕರಗಿ ತೇವಾಂಶ ಹೆಚ್ಚಿದ್ದೇ ಇದಕ್ಕೆ ಕಾರಣ ಎಂದು ಒಂದು ಗುಂಪು ವಾದಿಸಿದರೆ, ಹೆಚ್ಚಿದ್ದು ಹಿಮವಲ್ಲ, ಹಿಮವನ್ನು ಗುರುತಿಸುವ ನಮ್ಮ ಸಾಮರ್ಥ್ಯ ಎಂದು ಕೆನಡಾದ ಇಬ್ಬರು ವಿಜ್ಞಾನಿಗಳು 2013ರಲ್ಲಿ ಇತರ ದಾಖಲೆಗಳನ್ನು ಮುಂದಿಟ್ಟು ಹೇಳಿದರು. ಈ ಎರಡನೆಯ ವಾದವೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮೂಲಭೂತವಾದ ಆಕ್ಷೇಪ ಇನ್ನೊಂದು. ಅಕ್ಟೋಬರ್‌ನಲ್ಲಿ ಸೈಬೀರಿಯಾಕ್ಕೆ ಹಿಮ ತರುವುದು ಯಾವುದು? ಅನೇಕ ಸಲ ಉರಲ್ ಪರ್ವತಗಳ ಮೇಲೆ ಬಂದು ಬೀಡುಬಿಡುವ ಅಧಿಕ ಒತ್ತಡದ ಗುಂಪು. ಅದು ಪಡುವಣ ಗಾಳಿಗೆ ಅಡ್ಡನಿಂತು, ಧ್ರುವದ ಕಡೆಯ ಶೀತಗಾಳಿಯನ್ನು ಸೈಬೀರಿಯಾದ ಮೇಲೆ ಇಳಿಸುತ್ತದೆ. ಅದೇ ಅಡ್ಡಗಟ್ಟೆ ತರಂಗಗಳನ್ನು ಮೇಲಕ್ಕೆ ಕಳಿಸಿ ಧ್ರುವೀಯ ಸುಳಿಯನ್ನೂ ದುರ್ಬಲಗೊಳಿಸುತ್ತದೆ. ಹಾಗಿದ್ದರೆ ಹಿಮ ಮತ್ತು ಋಣಾತ್ಮಕ ಆಂದೋಲನ ಒಂದೇ ತಾಯಿಯ ಮಕ್ಕಳಾದವೇ ಹೊರತು ಒಂದರಿಂದ ಇನ್ನೊಂದು ಹುಟ್ಟಿದಂತಾಗಲಿಲ್ಲ. ಹಿಮ ಅಪರಾಧಿಯಲ್ಲ, ಸ್ಥಳದಲ್ಲಿದ್ದ ಸಾಕ್ಷಿ ಮಾತ್ರ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿ ಸುಮಾರು 45 ಲಕ್ಷ ಮನೆ, ಅಂಗಡಿಗಳಿಗೆ ವಿದ್ಯುತ್ ಕಡಿತಗೊಂಡು ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಈ ಚರ್ಚೆ ಮತ್ತೆ ಕಾವೇರಿತು. ಆ ವರ್ಷ ಜನವರಿ 5ರಂದು ದಿಢೀರ್ ಬಿಸಿಯೇರಿಕೆ ನಡೆದಿತ್ತು. ಕೋಹೆನ್ ಮತ್ತು ಸಂಗಡಿಗರು ಆರ್ಕ್ಟಿಕ್‌ನ ಮಂಜುಗಡ್ಡೆ ಮತ್ತು ಸೈಬೀರಿಯಾದ ಹಿಮದ ಕಡೆಗೆ ಬೆರಳು ತೋರಿದರು. ಇತರರು ಒಪ್ಪಲಿಲ್ಲ.

ಮರುಪಾವತಿ

ಇನ್ನೊಂದು ದಿಕ್ಕಿನ ಪ್ರಭಾವದ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಆಂದೋಲನ ಹಿಮವನ್ನು ಆಳುತ್ತದೆ. ಧನಾತ್ಮಕ ಸ್ಥಿತಿಯಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆಯ ತೇವದ ಗಾಳಿ ಯುರೋಪಿನ ಒಳಕ್ಕೆ ನುಗ್ಗುತ್ತದೆ. ತಗ್ಗು ಪ್ರದೇಶಗಳಲ್ಲಿ ಹಿಮದ ಬದಲು ಮಳೆ ಬೀಳುತ್ತದೆ. ನಾರ್ವೆಯ ಎತ್ತರದ ಬೆಟ್ಟಗಳಲ್ಲಿ ಮಾತ್ರ ವಿಪರೀತ ಹಿಮ. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಇಂಥ ಚಳಿಗಾಲಗಳು ಸಾಲಾಗಿ ಬಂದಾಗ, ಜಗತ್ತಿನ ಬಹುತೇಕ ಹಿಮನದಿಗಳು ಹಿಂದೆ ಸರಿಯುತ್ತಿದ್ದರೂ ನಾರ್ವೆಯ ಬ್ರಿಕ್ಸ್‌ಡಾಲ್ ಹಿಮನದಿ ಮುಂದೆ ಬಂತು. ಅದೇ ವೇಳೆ ಯುರೇಷಿಯಾದ ಬಯಲುಗಳಲ್ಲಿ ವಸಂತದ ಹಿಮ ಬೇಗ ಕರಗಿತು. ಬೇಗ ಬಯಲಾದ ಕಪ್ಪು ನೆಲ ವಸಂತದ ಬಿಸಿಲನ್ನು ಹೀರಿ ಇನ್ನಷ್ಟು ಬಿಸಿಯಾಯಿತು. ಚಳಿಗಾಲದ ಗಾಳಿ ಕೊಟ್ಟ ಸಾಲವನ್ನು ಹಿಮ ಹೀಗೆ ಬಡ್ಡಿ ಸಮೇತ ತೀರಿಸುತ್ತದೆ.

ಪಶ್ಚಿಮ ಹಿಮಾಲಯವೂ ಈ ಉಯ್ಯಾಲೆಯ ಅಂಕೆಗೆ ಸ್ವಲ್ಪ ಮಟ್ಟಿಗೆ ಒಳಪಟ್ಟಿದೆ. ಕಾಶ್ಮೀರ, ಹಿಮಾಚಲಗಳಿಗೆ ಚಳಿಗಾಲದಲ್ಲಿ ಹಿಮ ಹೊತ್ತು ತರುವ ಪಶ್ಚಿಮದ ಕ್ಷೋಭೆಗಳು ಉತ್ತರ ಅಟ್ಲಾಂಟಿಕ್ ಆಂದೋಲನ ಧನಾತ್ಮಕವಾಗಿರುವಾಗಲೂ ಎಲ್ ನಿನೋ ಇರುವಾಗಲೂ ಚುರುಕಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಉತ್ತರ ಭಾರತದ ಗೋಧಿಗೂ ಬೇಸಿಗೆಯ ನದಿಗಳಿಗೂ ಆ ಹಿಮವೇ ಆಧಾರ.

ಮೈಸೂರಿನ ಬರ, ಹಿಮಾಲಯದ ಹಿಮ

ಹಿಮ ಕಾರಣವೋ ಸಾಕ್ಷಿಯೋ ಎಂಬ ಪ್ರಶ್ನೆ ಸೈಬೀರಿಯಾಕ್ಕಿಂತ ನೂರು ವರ್ಷ ಮೊದಲು ಎದ್ದದ್ದು ಭಾರತದಲ್ಲಿಯೇ. ಅದರ ಹಿನ್ನೆಲೆಯಲ್ಲಿ ಕನ್ನಡ ನಾಡಿನ ದಾರುಣ ಅಧ್ಯಾಯವೊಂದಿದೆ. 1876ರಿಂದ 1878ರವರೆಗೆ ಕಾಡಿದ, ಹಳಬರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ ಕ್ಷಾಮ ಮದ್ರಾಸು, ಮುಂಬಯಿ, ಹೈದರಾಬಾದುಗಳ ಜೊತೆಗೆ ಮೈಸೂರು ಸಂಸ್ಥಾನವನ್ನೂ ನುಂಗಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

1875ರಲ್ಲಿ ಸ್ಥಾಪನೆಯಾಗಿದ್ದ ಭಾರತದ ಹವಾಮಾನ ಇಲಾಖೆಯ ಮುಂದೆ ಆಗ ಇದ್ದ ಪ್ರಶ್ನೆ ಒಂದೇ: ಮಳೆ ಕೈಕೊಡುವುದನ್ನು ಮೊದಲೇ ಅರಿಯಬಹುದೇ? ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್, ಹಿಮಾಲಯದಲ್ಲಿ ವಸಂತಕಾಲದ ಹಿಮ ಹೆಚ್ಚಾದ ವರ್ಷಗಳಲ್ಲಿ ಬಯಲಿನ ಮೇಲೆ ಒಣಗಾಳಿ ಬೀಸಿ ಮುಂಗಾರು ಸೊರಗುತ್ತದೆ ಎಂದು 1884ರಲ್ಲಿ ಪ್ರತಿಪಾದಿಸಿದರು. ಅದರ ಆಧಾರದ ಮೇಲೆ 1886ರ ಜೂನ್ 4ರಂದು ಭಾರತ ಮತ್ತು ಬರ್ಮಾಕ್ಕೆ ಮೊದಲ ಮುಂಗಾರು ಮುನ್ಸೂಚನೆ ಹೊರಬಿತ್ತು. ತರ್ಕ ಸರಳ: ಸೂರ್ಯನ ಶಾಖ ಹಿಮ ಕರಗಿಸುವುದಕ್ಕೂ ಒದ್ದೆ ನೆಲ ಒಣಗಿಸುವುದಕ್ಕೂ ಖರ್ಚಾದರೆ ಏಷ್ಯಾದ ನೆಲ ಕಾಯುವುದು ತಡವಾಗುತ್ತದೆ, ನೆಲ ಕಾಯದೆ ಕಡಲ ಗಾಳಿ ಬಾರದು.

1899ರಲ್ಲಿ ಬಂದ ಭೀಕರ ಬರವನ್ನು ಇಲಾಖೆ ಊಹಿಸಿರಲಿಲ್ಲ. ವಾಕರ್ ಹಿಮದ ಜೊತೆಗೆ ಮಾರಿಷಸ್, ದಕ್ಷಿಣ ಅಮೆರಿಕದ ಒತ್ತಡಗಳನ್ನೂ ಸೇರಿಸಿದರು. ಉಪಗ್ರಹಗಳು ಬಂದ ಮೇಲೆ 1976ರಲ್ಲಿ ಡಗ್ಲಾಸ್ ಹಾನ್ ಮತ್ತು ಜಗದೀಶ್ ಶುಕ್ಲಾ ಕೇವಲ ಒಂಬತ್ತು ವರ್ಷಗಳ ದಾಖಲೆಯಿಂದ ಯುರೇಷಿಯಾದ ಹಿಮಕ್ಕೂ ಮುಂಗಾರಿಗೂ ವಿಲೋಮ ಸಂಬಂಧ ಕಂಡರು. 1988ರಲ್ಲಿ ಇಲಾಖೆ ಅಳವಡಿಸಿಕೊಂಡ 16 ಅಂಶಗಳ ಮಾದರಿಯಲ್ಲಿ ಹಿಮಾಲಯದ ಹಿಮಕ್ಕೂ ಯುರೇಷಿಯಾದ ಹಿಮಕ್ಕೂ ಜಾಗವಿತ್ತು. 2002ರಲ್ಲಿ ವಾಡಿಕೆಯ ಮಳೆಯ ಭರವಸೆ ನೀಡಿದ್ದ ಮಾದರಿ ಮುಗ್ಗರಿಸಿ, ದೇಶದ ಮಳೆ ಶೇಕಡ 19ರಷ್ಟು ಕುಸಿದಾಗ ಇಡೀ ವಿಧಾನವೇ ಮರುಪರಿಶೀಲನೆಗೆ ಒಳಗಾಯಿತು. ಇಲ್ಲಿಯೂ ಅದೇ ತೊಡಕು: ಎಲ್ ನಿನೋ ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ಹಿಮ ತರುತ್ತದೆ, ಬೆಳೆಯುತ್ತಿರುವ ಎಲ್ ನಿನೋ ಮುಂಗಾರನ್ನು ಕುಗ್ಗಿಸುತ್ತದೆ. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಇಂದಿಗೂ ಇಲಾಖೆ ಏಪ್ರಿಲ್ ತಿಂಗಳ ಮುನ್ಸೂಚನೆಯಲ್ಲಿ ಉತ್ತರ ಗೋಳಾರ್ಧದ ಹಿಮಹೊದಿಕೆಯನ್ನು ಪ್ರಸ್ತಾಪಿಸುತ್ತದೆ. 2024ರ ಆರಂಭದಲ್ಲಿ ಅದು ವಾಡಿಕೆಗಿಂತ ಕಡಿಮೆಯಿತ್ತು. ಮುಂಗಾರು ಸರಾಸರಿಯ ಶೇಕಡ 108ರಷ್ಟು ಸುರಿಯಿತು. ಆದರೆ 2023ರ ಫೆಬ್ರವರಿ, ಮಾರ್ಚ್‌ನಲ್ಲಿಯೂ ಹಿಮ ಕಡಿಮೆಯೇ ಇತ್ತು. ಆ ವರ್ಷ ಎಲ್ ನಿನೋ ತಲೆಯೆತ್ತಿ, ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ದಾಖಲಾಯಿತು, ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಕಾವೇರಿ ಜಲಾಶಯಗಳನ್ನು ನಂಬಿದ ರೈತರಿಗೆ ಯುರೇಷಿಯಾದ ಹಿಮ ಕೊಟ್ಟ ಶುಭಸೂಚನೆ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಹಾಗೆಂದು ಹಿಮದ ಲೆಕ್ಕವನ್ನು ಯಾರೂ ಕೈಬಿಟ್ಟಿಲ್ಲ. ಅಕ್ಟೋಬರ್ ಹಿಮದಿಂದ ಇಡೀ ಚಳಿಗಾಲದ ಭವಿಷ್ಯ ನುಡಿಯುವ ಹುರುಪು ತಗ್ಗಿದ್ದರೂ, ಸಮೋಷ್ಣ ಮಂಡಲದಲ್ಲಿ ಬಿಸಿಯೇರಿಕೆ ಶುರುವಾದ ಮೇಲೆ ಮುಂದಿನ ಮೂರು ನಾಲ್ಕು ವಾರಗಳ ಬಗ್ಗೆ ಎಚ್ಚರಿಸುವುದು ಈಗ ರೂಢಿಗೆ ಬಂದಿದೆ. 2018ರಲ್ಲಿ ಯುರೋಪಿನ ಹವಾಮಾನ ಕೇಂದ್ರಗಳಿಗೆ ಶೀತಗಾಳಿಯ ಮುನ್ಸೂಚನೆ ದೊರೆತದ್ದು ಹೀಗೆಯೇ. ಈ ನಡುವೆ ಅಳೆಯಬೇಕಾದ ಹಿಮವೇ ಕಡಿಮೆಯಾಗುತ್ತಿದೆ. ಭೂಮಿಯ ಸರಾಸರಿ ತಾಪಮಾನ ಒಂದು ಡಿಗ್ರಿ ಏರಿದಾಗಲೆಲ್ಲ ಉತ್ತರ ಗೋಳಾರ್ಧದ ವಸಂತಕಾಲದ ಹಿಮಹೊದಿಕೆ ಸುಮಾರು ಶೇಕಡ 8ರಷ್ಟು ಕುಗ್ಗಲಿದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ನೀಡಿದ ಅಂದಾಜು. ಹಿಮ ಮತ್ತು ಗಾಳಿಯ ನಂಟು ದಶಕಗಳಿಗೊಮ್ಮೆ ಬಿಗಿಯಾಗಿ, ದಶಕಗಳಿಗೊಮ್ಮೆ ಸಡಿಲವಾಗುವುದಾದರೆ, ಆರು ದಶಕಗಳಷ್ಟು ಹಳೆಯದಾದ ಉಪಗ್ರಹ ದಾಖಲೆಯಲ್ಲಿ ಅಂಥ ಒಂದೆರಡು ಸುತ್ತುಗಳು ಮಾತ್ರ ಸೆರೆಯಾಗಿವೆ.